ಐದು ಕಾಳು ಹೊಸ ಅಕ್ಕಿ

ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ ಊಟಕ್ಕೆ ಅಪ್ಪಣೆ ಕೇಳಬೇಕು. ಉಳಿದ ದಿನ ಬಡಿಸುವ ಮೊದಲೇ ಕೈ ಹಾಕುವ ನಾವು ಅವತ್ತು ಬಾಳೆಲೆಯ ಮುಂದೆ ಸುಮ್ಮನೆ ಕೂತಿರುತ್ತೇವೆ. ಎಲ್ಲವನ್ನೂ ಬಡಿಸಿ ಆದ ಮೇಲೆ ಒಬ್ಬೊಬ್ಬರೇ ತಮಗಿಂತ ದೊಡ್ಡವರ ಮುಖ ನೋಡಿ “ಪುದ್ವಾರ್ ಉಣ್ಪೆ” ಅನ್ನಬೇಕು. ಹೊಸತು ಉಣ್ಣುತ್ತೇನೆ ಎಂದು ಅರ್ಥ. ಅವರು “ಉಣ್ಲ” ಎಂದ ಮೇಲೆಯೇ ಮೊದಲ ತುತ್ತು. ಕೇಳಬೇಕಾದದ್ದು ಒಬ್ಬರನ್ನಲ್ಲ. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅಣ್ಣ, ಅಕ್ಕ ಹೀಗೆ ಎಲ್ಲರನ್ನೂ. ಮನೆಯ ಕೊನೆಯ ಕೂಸು ಕೇಳಿ ಮುಗಿಸುವಷ್ಟರಲ್ಲಿ ಪಾಯಸ ತಣಿದಿರುತ್ತದೆ. ಅಜ್ಜಿಗೆ ಕೇಳಲು ಹಿರಿಯರು ಯಾರೂ ಉಳಿದಿಲ್ಲ. ಅವರು ದೈವದ ಕೋಣೆಯ ಕಡೆ ತಿರುಗಿ ಏನೋ ಗುನುಗಿ ಉಣ್ಣಲು ಶುರು ಮಾಡುತ್ತಾರೆ.

ಪುದ್ವಾರ್, ಪುದ್ದರ್, ಹೊಸತು, ಹೊಸ ಅಕ್ಕಿ ಊಟ. ಕನ್ಯಾನದಂಥ ಊರಿನಲ್ಲಿ ಮನೆಗೊಂದು ಹೆಸರು. ಇಲ್ಲಿಂದ ಸ್ವಲ್ಪ ಆಚೆ ಹೋದರೆ ಕೇರಳದ ಗಡಿ. ತುಳು, ಹವ್ಯಕ ಕನ್ನಡ, ಕೊಂಕಣಿ, ಮಲಯಾಳ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುತ್ತವೆ. ಚೌತಿಗೋ ನವರಾತ್ರಿಗೋ ಏಣೆಲು ಬೆಳೆಯ ತೆನೆ ತಂದು, ಮಾವು, ಹಲಸು, ಬಿದಿರಿನ ಎಲೆಗಳಲ್ಲಿ ಸುತ್ತಿ, ನಾರಿನಿಂದ ಮನೆಯ ಕಂಬಕ್ಕೆ, ಬಾಗಿಲಿಗೆ, ಹಟ್ಟಿಗೆ, ಬಾವಿಕಟ್ಟೆಗೆ, ಫಲ ಕೊಡುವ ಮರಕ್ಕೆ ಕಟ್ಟುತ್ತಾರೆ. ಕಟ್ಟುವಾಗ “ಪೊಲಿ ಪೊಲಿ” ಎನ್ನಬೇಕು. ಪೊಲಿ ಎಂದರೆ ಹೆಚ್ಚಲಿ, ಸಮೃದ್ಧಿಯಾಗಲಿ. ಈಗ ಬೈಕಿನ ಹ್ಯಾಂಡಲಿಗೂ ಪಿಕಪ್ಪಿನ ಕನ್ನಡಿಗೂ ಕಟ್ಟುವುದುಂಟು. ಅದನ್ನು ನೋಡಿ ನಗುವವರಿದ್ದಾರೆ. ನಮಗೆ ನಗು ಬರುವುದಿಲ್ಲ. ಹಿಂದೆ ನೇಗಿಲಿಗೆ ಕಟ್ಟುತ್ತಿದ್ದದ್ದೂ ಅದು ಅನ್ನ ಕೊಡುತ್ತಿತ್ತು ಎಂದೇ.

ಊಟದ ವಿಷಯಕ್ಕೆ ಬಂದರೆ, ಹೊಸ ಅಕ್ಕಿ ಎಂದರೆ ಪಾತ್ರೆ ತುಂಬ ಹೊಸ ಅಕ್ಕಿಯಲ್ಲ. ತೆನೆಯ ಭತ್ತವನ್ನು ಉಗುರಿನಲ್ಲಿ ಸುಲಿದು ಐದೋ ಏಳೋ ಕಾಳು ತೆಗೆದು ಕುದಿಯುವ ಅನ್ನಕ್ಕೂ ಪಾಯಸಕ್ಕೂ ಹಾಕಿದರೆ ಆಯಿತು, ಲೆಕ್ಕ ಬೆಸವಾಗಿರಬೇಕು. ಪಲ್ಯ, ಪದಾರ್ಥಗಳೂ ಬೆಸವೇ: ಹರಿವೆ, ಬೆಂಡೆ, ಹೀರೆ, ಅಳಸಂಡೆ, ಸೌತೆ, ಕೆಸು, ಹಿತ್ತಿಲಿನಲ್ಲಿ ಅವತ್ತು ಏನುಂಟೋ ಅದು. ಅರಶಿನ ಎಲೆಯ ಕಡುಬು ನಮ್ಮ ಮನೆಯಲ್ಲಿ ತಪ್ಪುವುದಿಲ್ಲ. ಉಳಿದ ಅಕ್ಕಿ ಅಂಗಡಿಯದ್ದು. ಆ ಐದು ಕಾಳು ಬಿದ್ದ ಕೂಡಲೇ ಅಂಗಡಿಯ ಅಕ್ಕಿಯೂ ಹೊಸತಾಗುತ್ತದೆ. ನಾವು ಸಣ್ಣವರಿದ್ದಾಗ ನಮ್ಮ ತುತ್ತಿನಲ್ಲಿ ಆ ಕಾಳು ಬಂತೋ ಇಲ್ಲವೋ ಎಂದು ಅನ್ನ ಕೆದಕಿ ಬೈಗುಳ ತಿಂದದ್ದಕ್ಕೆ ಲೆಕ್ಕವಿಲ್ಲ.

ಆದರೆ ಐದು ಕಾಳಿಗಾದರೂ ಒಂದು ಗದ್ದೆ ಬೇಕಲ್ಲ.

ಅಜ್ಜಿ ಮದುವೆಯಾಗಿ ಬಂದಾಗ ಈ ಮನೆ ಗೇಣಿ ಒಕ್ಕಲು. ಒಡೆಯರಿಗೆ ಅಳೆಯಬೇಕಾದದ್ದು ಮುಡಿ ಲೆಕ್ಕದಲ್ಲಿ. ಒಂದು ಮುಡಿಗೆ ಮೂರು ಕಳಸೆ, ನಲವತ್ತೆರಡು ಸೇರು. ಗೇಣಿ ಅಕ್ಕಿಯಲ್ಲಿದ್ದ ಮೇಲೆ ಬೆಳೆಯುವುದೂ ಭತ್ತವನ್ನೇ: ಮಳೆಗಾಲಕ್ಕೆ ಏಣೆಲು, ನೀರಿದ್ದಲ್ಲಿ ಸುಗ್ಗಿ, ಇನ್ನೂ ನೀರುಳಿದ ಬೈಲಿನಲ್ಲಿ ಕೊಳಕೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಡಿಕ್ಲರೇಶನ್ ಕೊಟ್ಟು ಭೂಮಿ ನಮ್ಮದಾಯಿತು. ಏನು ಬೆಳೆಯಬೇಕೆಂದು ನಾವೇ ನಿರ್ಧರಿಸುವ ದಿನ ಬಂದಾಗ ಮನೆ ಅಡಿಕೆಯ ಕಡೆ ತಿರುಗಿತು. ಅದನ್ನು ದೂರಲು ನಮಗೆ ಬಾಯಿಲ್ಲ. ನಮ್ಮ ಕಾಲೇಜು ಫೀಸು ಬಂದದ್ದು ಅಡಿಕೆಯಿಂದ. ಬೆಟ್ಟು ಗದ್ದೆ ಮೊದಲು ಹೋಯಿತು, ಆಮೇಲೆ ಮಜಲು, ಕೊನೆಗೆ ಬೈಲಿಗೂ ಮಣ್ಣು ಬಿತ್ತು. ನೇಜಿ ನೆಡಲು ಜನವಿಲ್ಲ, ನೆಟ್ಟರೆ ಹಂದಿ, ನವಿಲು ಬಿಡುವುದಿಲ್ಲ ಎಂಬುದೂ ಸುಳ್ಳಲ್ಲ.

ಹೀಗೆ ತೆನೆ ಸಾಲ ತರುವ ಮನೆ ನಮ್ಮದಾಯಿತು. ನಮ್ಮ ಬದಿಯಲ್ಲಿ ಈಗ ಗದ್ದೆ ಇಟ್ಟುಕೊಂಡಿರುವುದು ನೆರೆಮನೆಯ ಮಾವ ಒಬ್ಬರೇ. ಚೌತಿಯ ಬೆಳಗ್ಗೆ ನಸುಕಿಗೇ ಅವರ ಗದ್ದೆಯ ಹುಣಿಯಲ್ಲಿ ಟಾರ್ಚುಗಳ ಸಾಲು. ತೆನೆಯನ್ನು ಕೇಳದೆ ಕೊಯ್ಯಬಹುದು, ಕೊಯ್ದವರನ್ನು ಗದ್ದೆಯವರು ಬೈಯಬಾರದು ಎಂಬುದು ನಮ್ಮಲ್ಲಿ ಹಳೆಯ ವಾಡಿಕೆ. ಊರು ತುಂಬ ಗದ್ದೆಯಿದ್ದಾಗ ಅದು ಚಂದವೇ. ಯಾರೋ ನಮ್ಮಲ್ಲಿ ಕೊಯ್ದರು, ನಾವು ಇನ್ಯಾರದ್ದೋ ಗದ್ದೆಯಲ್ಲಿ ಕೊಯ್ದೆವು, ಲೆಕ್ಕ ಸರಿಹೋಯಿತು. ಇಡೀ ಬದಿಗೆ ಒಂದೇ ಗದ್ದೆ ಉಳಿದಾಗ ಅದೇ ವಾಡಿಕೆ ಅವರ ಮೇಲಿನ ಸುಂಕದಂತೆ ಆಗಿದೆ. ಮನೆಗೊಂದು ಹಿಡಿ ಸಾಲದೆ ಕಾರಿಗೆ, ಅಂಗಡಿಗೆ, ಮಂಗಳೂರಿನ ಫ್ಲ್ಯಾಟಿಗೆ ಎಂದು ಕಟ್ಟು ಕಟ್ಟು ಒಯ್ಯುವವರಿದ್ದಾರೆ.

ದುಡ್ಡು ಕೊಡೋಣ ಎಂದು ನಾವೊಮ್ಮೆ ಹೇಳಿದಾಗ ಅಜ್ಜಿ ಒಪ್ಪಲಿಲ್ಲ. “ಕೊಂಡು ತಂದದ್ದಕ್ಕೆ ಪೊಲಿ ಹೇಳುವುದುಂಟಾ ಮಾರಾಯ್ರೆ?” ಪೇಟೆಯಲ್ಲಿ ಹಬ್ಬದ ಮುನ್ನಾದಿನ ಕಬ್ಬು, ಅರಶಿನ ಎಲೆಯ ಪಕ್ಕದಲ್ಲಿ ತೆನೆಯೂ ಮಾರಾಟಕ್ಕೆ ಇರುತ್ತದೆ. ಅಲ್ಲಿ ವಾಸ ಮಾಡುವವರು ಇನ್ನೇನು ಮಾಡಬೇಕು? ಅಷ್ಟರಮಟ್ಟಿಗೆ ಅಜ್ಜಿಯ ಮಾತು ನಮಗೆ ಪೂರ್ತಿ ಒಪ್ಪಿಗೆಯಿಲ್ಲ.

ತೆನೆ ಹಂಚುವ ಇನ್ನೊಂದು ಕ್ರಮ ನಮ್ಮ ತಾಲೂಕಿನಲ್ಲೇ ಉಂಟು. ಫರಂಗಿಪೇಟೆಯ ಮೋಂತೆ ಮರಿಯಾನೊದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡ ಶುರು ಮಾಡಿದರೆಂದು ಹೇಳುವ ಮೋಂತಿ ಫೆಸ್ತ್ ಪ್ರತಿ ಸೆಪ್ಟೆಂಬರ್ 8ಕ್ಕೆ ನಡೆಯುತ್ತದೆ. ಚರ್ಚಿನಲ್ಲಿ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಯಲ್ಲಿ ಆ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ, ಹಿರಿಯರ ಕೈಯಿಂದ ಎಲ್ಲರೂ ತೆಗೆದುಕೊಂಡ ಮೇಲೆ ಬೆಸ ಲೆಕ್ಕದ ತರಕಾರಿ ಊಟ. ನಮ್ಮ ಕ್ಲಾಸ್‌ಮೇಟ್ ಒಬ್ಬಳ ಮನೆಯಲ್ಲಿ ಉಂಡು ಬಂದವರು ನಾವು. ದೇವರ ಹೆಸರು ಬಿಟ್ಟರೆ ಎಲೆಯ ಮೇಲಿನದ್ದೆಲ್ಲ ನಮ್ಮದೇ. ಒಬ್ಬರು ಹಂಚಿದರೆ ಗದ್ದೆಯೂ ಹಾಳಾಗುವುದಿಲ್ಲ, ಯಾರಿಗೂ ಕಡಿಮೆ ಬೀಳುವುದಿಲ್ಲ.

ಇನ್ನು ಗಡಿಯಾಚೆ, ಕಾಸರಗೋಡಿನ ನೆಟ್ಟಣಿಗೆಯ ಬೆಳೇರಿ ಸತ್ಯನಾರಾಯಣ ಅವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಪಡೆದವರು. ಅವರು ತಳಿಗಳನ್ನು ಗ್ರೋ ಬ್ಯಾಗಿನಲ್ಲಿ ಬೆಳೆಸುವುದನ್ನು ಓದಿ ನಮ್ಮ ಚಿಕ್ಕಪ್ಪ ಎರಡು ವರ್ಷದ ಹಿಂದೆ ಅಂಗಳದಲ್ಲಿ ಆರು ಬ್ಯಾಗ್ ಇಟ್ಟರು. ತೆನೆ ಬಂತು, ಕಂಬಕ್ಕೂ ಕಟ್ಟಿದೆವು. ಅಜ್ಜಿ ಬೇಡ ಎನ್ನಲಿಲ್ಲ, ಪಾಯಸಕ್ಕೂ ಅದೇ ಕಾಳು ಹಾಕಿದರು. ಸಂಜೆ ಮಾತ್ರ ನಮ್ಮನ್ನು ಕರೆದು, ನೆರೆಮನೆಗೆ ಹೋಗಿ ಬಂದಿರಾ ಎಂದು ಕೇಳಿದರು. ಅವತ್ತು ಹೋಗಿರಲಿಲ್ಲ. ಹೋಗುವ ಕಾರಣವೇ ಇರಲಿಲ್ಲವಲ್ಲ.

ಕಳೆದ ಕಾರ್ತೆಲಿನಲ್ಲಿ ನಾವು ನಾಲ್ವರು, ಪಕ್ಕದ ಎರಡು ಮನೆಯ ಹುಡುಗರು ಸೇರಿ ಮಾವನ ಗದ್ದೆಗೆ ಇಳಿದು ಒಂದು ದಿನ ನೇಜಿ ನೆಟ್ಟೆವು. ತೆನೆಗೆ ದುಡ್ಡು ತೆಗೆದುಕೊಳ್ಳದವರು ಆಳಿಗೆ ಬೇಡ ಎನ್ನಲಿಲ್ಲ. ನಮ್ಮ ಸಾಲು ಹಾವು ಹರಿದ ಹಾಗಿತ್ತು. ಅತ್ತೆ ಹುಣಿಯಲ್ಲಿ ನಿಂತು ನಕ್ಕು ನಕ್ಕು ಮೂರನೇ ಸಾಲಿಗೆ ತಾವೇ ಸೊಂಟ ಕಟ್ಟಿ ಇಳಿದರು. ಚೌತಿಗೆ ಮಾವನೇ ತೆನೆ ಕೊಯ್ದು ಮನೆಗೊಂದು ಹಿಡಿಯಂತೆ ಜಗಲಿಯಲ್ಲಿ ಇಟ್ಟಿದ್ದರು. ಕತ್ತಲೆಗೆ ಬಂದ ಟಾರ್ಚುಗಳೆಲ್ಲ ಅಂಗಳದಿಂದಲೇ ಹಿಂದಿರುಗಿದವು.

ಮುಂದಿನ ಏಣೆಲಿಗೆ ಎಂಟು ಮಂದಿ ಬರುತ್ತೇವೆ ಎಂದು ಹೇಳಿದ್ದೇವೆ. ಕೆಳಗಿನ ಎರಡು ಗದ್ದೆಗೆ ಅಷ್ಟು ಸಾಕು ಎಂದರು ಮಾವ. ಮೇಲಿನದಕ್ಕೆ ಅಡಿಕೆ ಗಿಡ ಬಂದಾಗಿದೆ.