ಕಚ್ಚುವ ಜಾತಿ ಯಾವುದು?

ಸವಣೂರಿಗೆ ಹೋದವರು ತಪ್ಪದೆ ನೋಡಿಬರುವುದು ಅಲ್ಲಿನ ದೊಡ್ಡ ಹುಣಸೆ ಮರಗಳನ್ನು. ಎಂಟು ಹತ್ತು ಮಂದಿ ಕೈಕೈ ಹಿಡಿದು ನಿಂತರಷ್ಟೇ ಬುಡ ತಬ್ಬಬಹುದಾದ ಮೂರು ಭಾರೀ ಮರಗಳು. ಹೆಸರು ಹುಣಸೆಯಾದರೂ ಇವು ಹುಣಸೆಯ ಕುಲದವಲ್ಲ. ಆಫ್ರಿಕಾ ಖಂಡದ ಬಾವೊಬಾಬ್ ಮರಗಳು. ಕಾಯಿಯ ತಿರುಳು ಹುಳಿಯಾಗಿರುವುದರಿಂದ ನಮ್ಮ ಹಿರಿಯರು ತಮಗೆ ಗೊತ್ತಿದ್ದ ಹೆಸರನ್ನೇ ಇಟ್ಟಿರಬೇಕು. ಅದರಿಂದ ಮರಕ್ಕಾಗಲಿ ಜನರಿಗಾಗಲಿ ನಷ್ಟವೇನೂ ಆಗಿಲ್ಲ.

ಪ್ರಾಣಿಗಳ ವಿಷಯದಲ್ಲಿ ಹಾಗಲ್ಲ. ನಾಯಿಯ ಜಾತಿಯ ಹೆಸರು ಕಿವಿಗೆ ಬಿದ್ದೊಡನೆ ಅದರ ಗುಣವನ್ನೂ ನಾವು ತೀರ್ಮಾನಿಸಿಬಿಡುತ್ತೇವೆ. ಹಾವೇರಿ ಜಿಲ್ಲೆಯ ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ತಾಲ್ಲೂಕುಗಳನ್ನು ಬಸ್ಸಿನಲ್ಲಿ ಸುತ್ತುವಾಗ ಗುಡಿ, ಕೋಟೆ, ಕೆರೆಗಳ ಜೊತೆಗೆ ಮತ್ತೆ ಮತ್ತೆ ಕಣ್ಣಿಗೆ ಬಿದ್ದದ್ದು ಈ ಸಂಗತಿ.

ಸವಣೂರು ನವಾಬರ ಕಾಲದ ಊರು. ವೀಳ್ಯದೆಲೆಗೂ ಖಾರಕ್ಕೂ ಹೆಸರಾದದ್ದು. ಸಂಜೆ ಶಾಲೆ ಬಿಡುವ ಹೊತ್ತಿಗೆ ಇಲ್ಲಿನ ಒಂದು ಬೀದಿಯಲ್ಲಿ ನಿಂತರೆ ಎರಡು ನೋಟ ಸಿಗುತ್ತವೆ. ಹೊಸದಾಗಿ ಕಟ್ಟಿದ ಮನೆಯೊಂದರ ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ. ಒಳಗೆ ಸರಪಳಿಯಲ್ಲಿ ಕಟ್ಟಿದ ಒಂದು ರಾಟ್‌ವೀಲರ್. ಮಕ್ಕಳು ಆ ಮನೆ ಬಂದೊಡನೆ ಮಾತು ನಿಲ್ಲಿಸಿ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಇಪ್ಪತ್ತು ಹೆಜ್ಜೆ ಮುಂದೆ ಬೇಕರಿಯ ಪಕ್ಕದ ಮಣ್ಣಿನ ಗುಡ್ಡೆಯ ಮೇಲೆ ಬೀದಿಯ ಹೆಣ್ಣುನಾಯಿಯೊಂದು ನಾಲ್ಕು ಮರಿಗಳಿಗೆ ಹಾಲೂಡಿಸುತ್ತಿದೆ. ಅದೇ ಮಕ್ಕಳು ಓಡಿಹೋಗಿ ಮರಿಗಳನ್ನು ಎತ್ತಿಕೊಳ್ಳುತ್ತಾರೆ. ‘ಪಾಪದ ನಾಯಿ’ ಎಂಬುದು ಅವರ ಧೈರ್ಯ.

ನಾಯಿಯ ಸ್ವಭಾವ ಬಲ್ಲ ಯಾವ ಪಶುವೈದ್ಯರನ್ನು ಕೇಳಿದರೂ ಆ ಕ್ಷಣದಲ್ಲಿ ಹೆಚ್ಚಿನ ಅಪಾಯವಿದ್ದುದು ಎಲ್ಲಿ ಎಂದು ಹೇಳಿಯಾರು. ಮರಿ ಹಾಕಿದ ತಾಯಿ, ಉಣ್ಣುತ್ತಿರುವ ನಾಯಿ, ಗಾಯಗೊಂಡ ನಾಯಿ, ಮೂಲೆಗೆ ಸಿಕ್ಕಿಬಿದ್ದ ನಾಯಿ, ಇವು ಯಾವ ಜಾತಿಯವಾದರೂ ಕಚ್ಚಬಲ್ಲವು. ಕಟ್ಟಿದ ನಾಯಿಯೂ ಅಷ್ಟೇ. ಓಡಿಹೋಗುವ ದಾರಿ ಇಲ್ಲದ್ದರಿಂದ ಅದಕ್ಕೆ ಉಳಿಯುವ ಉಪಾಯ ಹಲ್ಲು ಒಂದೇ. ಹಾಗೆಂದು ಗೇಟಿನ ಒಳಗಿನ ನಾಯಿ ಬರಿಯ ಬೆಣ್ಣೆಮುದ್ದೆ ಎಂದೂ ಅಲ್ಲ. ದೊಡ್ಡ ದವಡೆಯ, ತೂಕದ ನಾಯಿ ಕಚ್ಚಿದರೆ ಗಾಯ ಆಳವಾಗುತ್ತದೆ. ಆದರೆ ಕಚ್ಚಿದರೆ ಎಷ್ಟು ಹಾನಿ ಎಂಬುದು ಒಂದು ಪ್ರಶ್ನೆ. ಕಚ್ಚುತ್ತದೆಯೇ ಎಂಬುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡಲ್ಲಿ ಎಡವಟ್ಟು ಹುಟ್ಟುತ್ತದೆ.

ಈ ಹೆದರಿಕೆಗೂ ಒಂದು ಕಾಲಧರ್ಮವಿದೆ. ನಮ್ಮ ಊರುಗಳಲ್ಲಿ ಹಿಂದಿನ ತಲೆಮಾರಿನವರಿಗೆ ‘ಭಯಂಕರ ನಾಯಿ’ ಎಂದರೆ ಅಲ್ಸೇಶಿಯನ್. ಅದರ ನಿಜವಾದ ಹೆಸರು ಜರ್ಮನ್ ಶೆಫರ್ಡ್, ಅಂದರೆ ಕುರಿ ಕಾಯುವ ನಾಯಿ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಹೆಸರೇ ಬೇಡವೆಂದು ಇಂಗ್ಲೆಂಡಿನವರು ಅದನ್ನು ಅಲ್ಸೇಶಿಯನ್ ಎಂದು ಕರೆದರು. ಅಲ್ಲಿನ ಕೆನಲ್ ಕ್ಲಬ್ ಹಳೆಯ ಹೆಸರನ್ನು ಮರಳಿ ಒಪ್ಪಿದ್ದು 1977ರಲ್ಲಿ. ಆಸ್ಟ್ರೇಲಿಯಾ 1929ರಲ್ಲಿ ಈ ನಾಯಿಯ ಆಮದನ್ನೇ ನಿಷೇಧಿಸಿ, ಹಲವು ದಶಕಗಳ ನಂತರ ಸಡಿಲಿಸಿತು. ಅಲ್ಸೇಶಿಯನ್ ನಂತರ ಡಾಬರ್‌ಮನ್, ಆಮೇಲೆ ರಾಟ್‌ವೀಲರ್, ಈಗ ಪಿಟ್‌ಬುಲ್. ಪಟ್ಟ ಮಾತ್ರ ಅದೇ. ಅದರ ಮೇಲೆ ಕೂರುವವರು ಬದಲಾಗುತ್ತಿದ್ದಾರೆ.

ಸವಣೂರಿನಿಂದ ಶಿಗ್ಗಾವಿ ತಾಲ್ಲೂಕಿಗೆ ಬಂದರೆ ಬಂಕಾಪುರದ ಕೋಟೆ ಇದೆ. 2006ರಲ್ಲಿ ನವಿಲುಧಾಮವೆಂದು ಘೋಷಿತವಾದ ಜಾಗವಿದು. ಕೋಟೆಯ ಆವರಣದಲ್ಲೇ ಕಿಲಾರಿ ದನಗಳ ಸಂವರ್ಧನಾ ಕೇಂದ್ರವೂ ಇದೆ. ತಳಿ ಎಂದರೇನು ಎಂಬ ಪಾಠವನ್ನು ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಲಾರಿ ಎಂದರೆ ಚುರುಕು ಕಾಲು, ಸಿಡುಕು ಸ್ವಭಾವ, ಅಪರಿಚಿತರನ್ನು ಹತ್ತಿರ ಬಿಡದ ಗತ್ತು ಎಂಬ ಮಾತು ಇಲ್ಲಿ ಸಾಮಾನ್ಯ. ದೀಪಾವಳಿಯ ಹೊತ್ತಿಗೆ ಹಾವೇರಿ ಸೀಮೆಯಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊರಳಿಗೆ ಕೊಬ್ಬರಿ ಹಾರ ಕಟ್ಟಿಕೊಂಡ ಹೋರಿ ಜನಸಂದಣಿಯನ್ನು ಸೀಳಿಕೊಂಡು ಓಡುವುದನ್ನು ಕಂಡವರಿಗೆ ಆ ಮಾತು ನಿಜವೆನ್ನಿಸುತ್ತದೆ. ಆದರೆ ಅದೇ ತಳಿಯ ಎತ್ತು ಬೇಸಾಯದ ದಿನಗಳಲ್ಲಿ ನೊಗಕ್ಕೆ ಕೊರಳು ಕೊಟ್ಟು ಸಾಲು ಬಿಡದೆ ನಡೆಯುತ್ತದೆ. ಮನೆಯ ಪುಟ್ಟ ಹುಡುಗಿ ಹಗ್ಗ ಹಿಡಿದು ಕೆರೆಗೆ ಕರೆದೊಯ್ದರೆ ಹಿಂದೆ ಹೋಗುತ್ತದೆ.

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಅರ್ಧ ಮಾತ್ರ ನಿಜ. ಕಿಲಾರಿಯ ಕಾಲಿನ ಚುರುಕು ಹುಟ್ಟಿನಿಂದ ಬಂದದ್ದು. ಅದನ್ನು ನೇಗಿಲಿಗೆ ಹೂಡುವುದೋ ಹೋರಿ ಹಬ್ಬಕ್ಕೆ ಕೆಣಕುವುದೋ, ಅದು ಸಾಕಿದವನ ಕೈಯಲ್ಲಿದೆ.

ನಾಯಿಗಳ ಬಗ್ಗೆ ವಿಜ್ಞಾನಿಗಳು ಹೇಳುವುದೂ ಇದಕ್ಕೆ ಹತ್ತಿರವೇ. ‘ಸೈನ್ಸ್’ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಒಡೆಯರಿಂದ ಮಾಹಿತಿ ಪಡೆದು, 2,000ಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಪರಿಶೀಲಿಸಿತು. ಒಂದು ನಾಯಿಗೂ ಇನ್ನೊಂದಕ್ಕೂ ನಡುವೆ ಕಾಣುವ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇಕಡ 9 ಮಾತ್ರ ಎಂದು ಅದು ಕಂಡಿತು. ಉಳಿದದ್ದು ಆ ನಾಯಿಯ ಪ್ರತ್ಯೇಕ ಗುಣ, ವಯಸ್ಸು, ಬೆಳೆದ ಪರಿಸರ ಇತ್ಯಾದಿಗಳಿಗೆ ಸೇರಿದ್ದು. ತಳಿಗೆ ಅರ್ಥವೇ ಇಲ್ಲವೆಂದಲ್ಲ. ಆದರೆ ತಳಿಯ ಹೆಸರೊಂದನ್ನೇ ನೋಡಿ ಎದುರಿಗಿರುವ ನಾಯಿಯ ಜಾತಕ ಬರೆಯಲಾಗದು.

ಈ ವಾದ ನಮ್ಮ ರಾಜ್ಯದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಕೆಲವು ಊರುಗಳಲ್ಲಿ ಸಾಕುನಾಯಿಗಳ ದಾಳಿಗೆ ಜನ ಬಲಿಯಾದ ನಂತರ, 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳ ಆಮದು, ಸಾಕಣೆ, ಮಾರಾಟಕ್ಕೆ ತಡೆ ಹಾಕಬೇಕೆಂದೂ, ಈಗಾಗಲೇ ಮನೆಯಲ್ಲಿರುವವುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ಅದು ರಾಜ್ಯಗಳಿಗೆ ತಿಳಿಸಿತ್ತು. ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಮಾಡಿದ್ದು ಎಂಬುದು ಮುಖ್ಯ ಕಾರಣ. ಸರಿಯಾದ ಕ್ರಮದಲ್ಲಿ ಸಮಾಲೋಚಿಸಿ ಹೊಸ ನಿಯಮ ತರಲು ಅಡ್ಡಿಯಿಲ್ಲವೆಂದೂ, ಸಾಕುವವರ ಹೊಣೆಯ ಬಗ್ಗೆ ಮಾರ್ಗಸೂಚಿ ಬೇಕೆಂದೂ ನ್ಯಾಯಾಲಯ ಸೂಚಿಸಿತು. ಹೊಣೆ ಎಂಬ ಈ ಮಾತು ಗಮನಿಸತಕ್ಕದ್ದು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಕೂಡ ನಾಯಿಯ ಜಾತಿ ಕೇಳುವುದಿಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎನ್ನುತ್ತದೆ.

ಬಂಕಾಪುರದಿಂದ ಹಾನಗಲ್ಲಿಗೆ ಹೋಗುವಾಗ ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಕಾಣತೊಡಗುತ್ತದೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ವೀರಗಲ್ಲುಗಳಿವೆ. ಕಾದಿ ಸತ್ತವರನ್ನು ಕಲ್ಲಿನಲ್ಲಿ ನಿಲ್ಲಿಸಿದ ನಾಡು ನಮ್ಮದು. ಇದೇ ಕನ್ನಡ ನಾಡು ಒಂದು ನಾಯಿಯ ಹೆಸರನ್ನೂ ಕಲ್ಲಿನ ಮೇಲೆ ಬರೆಸಿತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನವದು. ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಒಡೆಯ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಇಂದು ನಾವು ಕ್ರೌರ್ಯವೆನ್ನುವುದನ್ನು ಅಂದು ಶೌರ್ಯವೆಂದರು. ಏಕೆಂದರೆ ಮನುಷ್ಯನೇ ಅದನ್ನು ಬೇಡಿ ಪಡೆದಿದ್ದ.

ಮುಧೋಳದ ನಾಯಿಯ ಕಥೆಯೂ ಹೀಗೆಯೇ. ಮೊಲ, ಚಿಗರೆಗಳ ಬೆನ್ನಟ್ಟಲು ಬೆಳೆಸಿದ ಈ ತೆಳುಮೈಯ ಓಟಗಾರ ನಾಯಿ ಕಾಯಿದೆಯಿಂದ ಬೇಟೆ ನಿಂತ ಮೇಲೂ ಉಳಿಯಿತು. 2005ರಲ್ಲಿ ಅಂಚೆಚೀಟಿಯಲ್ಲಿ ಕಾಣಿಸಿಕೊಂಡಿತು. 2016ರಲ್ಲಿ ತರಬೇತಿಗೆಂದು ಸೇನೆಯ ಮೀರತ್ ಕೇಂದ್ರಕ್ಕೆ ಹೋಯಿತು. ಜಾತಿ ಅದೇ, ಕೆಲಸ ಬೇರೆ. ಆದರೆ ನಮ್ಮ ಬಾಯಲ್ಲಿ ಮಾತ್ರ ಎರಡೇ ವಿಂಗಡಣೆ: ಹಣ ಕೊಟ್ಟು ತಂದದ್ದು ‘ಜಾತಿ ನಾಯಿ’, ಉಳಿದದ್ದೆಲ್ಲ ‘ಕಂತ್ರಿ ನಾಯಿ’. ಕಂತ್ರಿ ಎಂಬುದು ಇಂಗ್ಲಿಷಿನ ಕಂಟ್ರಿ ಎಂಬ ಪದ ನಮ್ಮ ಬಾಯಲ್ಲಿ ಸವೆದದ್ದು. ಊರಿನದು, ನಾಡಿನದು ಎಂಬ ಅರ್ಥದ ಮಾತು ನಮ್ಮಲ್ಲಿ ಬೈಗುಳವಾಗಿದೆ.

ಹಾನಗಲ್ಲಿನಿಂದ ತಿಳವಳ್ಳಿ, ಹಂಸಭಾವಿ ಕಡೆಯಾಗಿ ಹಿರೇಕೆರೂರಿಗೆ ಹೋಗುವಾಗ ದಾರಿಗಡ್ಡ ಕುರಿಹಿಂಡು ಬಂದು ಬಸ್ಸು ನಿಂತಿತು. ಹಿಂಡಿನ ಎರಡು ಬದಿಗೆ ಎರಡು ನಾಯಿಗಳು. ಕೆಳಗಿಳಿದು ಕಂಬಳಿ ಹೊದ್ದ ಹಿರಿಯರನ್ನು ಮಾತಾಡಿಸಿದೆ.

‘ಅಜ್ಜಾರ, ಇವು ಕಡೀತಾವೇನ್ರಿ?’

‘ನಮ್ಮ ಕುರಿಗೆ ಕೈ ಹಾಕಿದ್ರ ಕಡೀತಾವ. ನಿಮ್ಮ ದಾರಿ ಹಿಡದು ನೀವು ಹೋದ್ರ ಯಾಕ ಕಡೀತಾವ್ರಿ?’

‘ಯಾವ ಜಾತಿ ನಾಯಿ ಇವು?’

‘ಕುರಿ ಕಾಯೋ ಜಾತಿ’ ಎಂದು ನಕ್ಕರು ಅವರು. ಆಮೇಲೆ ತಾವೇ ಮುಂದುವರಿಸಿ, ‘ಮರಿ ಇದ್ದಾಗಿಂದ ಕುರಿ ಜೋಡಿನ ಮಲಗಿಸೀವ್ರಿ. ಕಟ್ಟಿ ಹಾಕಿಲ್ಲ, ಹೊಡದಿಲ್ಲ. ಯಾರ ಮ್ಯಾಲ ಹೋಗಬೇಕು, ಯಾರ ಮ್ಯಾಲ ಹೋಗಬಾರದು ಅಂತ ಅವಕ್ಕ ಗೊತ್ತೈತಿ’ ಎಂದರು.

ಈ ಸೀಮೆಯ ಕುರುಬರಿಗೆ ನಾಯಿ ಬರಿಯ ಕಾವಲುಗಾರನಲ್ಲ. ಪಕ್ಕದ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮೈಲಾರಲಿಂಗನ ಸಂಪ್ರದಾಯದಲ್ಲಿ ಗೊರವರು ದೇವರ ನಾಯಿಗಳಂತೆ ಬೊಗಳಿ ಸೇವೆ ಸಲ್ಲಿಸುತ್ತಾರೆ. ಇನ್ನು ಹಿರೇಕೆರೂರು ತಾಲ್ಲೂಕಿನ ಅಬಲೂರು ಸರ್ವಜ್ಞನ ಊರೆಂದು ಪ್ರಸಿದ್ಧ. ಮನುಷ್ಯರ ನಡುವಿನ ಜಾತಿಯ ಹಮ್ಮನ್ನು ತ್ರಿಪದಿಗಳಲ್ಲಿ ಪ್ರಶ್ನಿಸಿದ ಕವಿ ಆತ. ಅವನ ಸೀಮೆಯಲ್ಲಿ ನಿಂತು, ನಾಯಿಯನ್ನಾದರೂ ನಡತೆಯಿಂದ ಅಳೆಯಬಾರದೇ ಎಂದು ಕೇಳಿದರೆ ತಪ್ಪಾಗಲಾರದು.

ಇದು ತರ್ಕದ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಇದರಲ್ಲಿ ಮಕ್ಕಳ ಪ್ರಾಣದ ಪ್ರಶ್ನೆಯಿದೆ. ‘ಕೆಟ್ಟ ಜಾತಿ’ ಎಂಬ ನಂಬಿಕೆಯ ಬೆನ್ನಿಗೇ ‘ಒಳ್ಳೆಯ ಜಾತಿ’ ಎಂಬ ನಂಬಿಕೆಯೂ ಇರುತ್ತದೆ. ದೊಡ್ಡ ವಿದೇಶಿ ನಾಯಿ ಕಚ್ಚಿದರೆ ಊರೇ ಸೇರುತ್ತದೆ, ಆಸ್ಪತ್ರೆಗೆ ಓಡುತ್ತದೆ. ಆಡುತ್ತಿದ್ದಾಗ ಬೀದಿಯ ಮರಿಯೋ ಪರಿಚಯದ ಮನೆಯ ನಾಯಿಯೋ ಹಲ್ಲು ತಾಗಿಸಿದರೆ ಮಗು ಮನೆಯಲ್ಲಿ ಹೇಳುವುದೇ ಇಲ್ಲ. ಹೇಳಿದರೂ ‘ಅದು ಪಾಪದ್ದು, ಏನೂ ಆಗಲ್ಲ’ ಎಂದು ಅರಿಸಿನ ಹಚ್ಚುವವರಿದ್ದಾರೆ. ರೇಬಿಸ್ ರೋಗಾಣು ಜಾತಿ ನೋಡುವುದಿಲ್ಲ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಮಕ್ಕಳು ಮುಚ್ಚಿಡಲು ಇನ್ನೊಂದು ಕಾರಣ ಸೂಜಿಯ ಭಯ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂದು ಅಜ್ಜ ಅಜ್ಜಿಯರು ಈಗಲೂ ಹೇಳುತ್ತಾರೆ. ಅದು ಹಳೆಯ ಲಸಿಕೆ; ನಮ್ಮ ದೇಶದಲ್ಲಿ ಅದು ನಿಂತು ಸುಮಾರು ಎರಡು ದಶಕಗಳಾದವು. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನನ್ನು ಉಳಿಸಿದಂದಿನಿಂದ ಈ ವಿದ್ಯೆ ಬಹಳ ಮುಂದುವರಿದಿದೆ. ಈಗ ಲಸಿಕೆ ತೋಳಿಗೆ. ಚರ್ಮಕ್ಕೆ ಕೊಡುವ ಕ್ರಮದಲ್ಲಿ ಕಚ್ಚಿದ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ. ರಕ್ತ ಬಂದ ಗಾಯವಾದರೆ ಗಾಯದ ಜಾಗಕ್ಕೇ ಕೊಡುವ ಇನ್ನೊಂದು ಔಷಧವೂ ಬೇಕಾಗುತ್ತದೆ, ವೈದ್ಯರು ತೀರ್ಮಾನಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆಗೆ ಹಣ ಕೊಡಬೇಕಿಲ್ಲ.

ಶಾಲೆಯ ಸುತ್ತಲಿನ ಬೀದಿನಾಯಿಗಳ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಕೂಡ ಕೈಗೆತ್ತಿಕೊಂಡು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಅವುಗಳನ್ನು ತೆರವು ಮಾಡಬೇಕೆಂದು 2025ರ ನವೆಂಬರ್ 7ರಂದು ಆದೇಶಿಸಿತು. ಅಲ್ಲಿಯೂ ನೋಡಿದ್ದು ಜಾಗವನ್ನು, ಜಾತಿಯನ್ನಲ್ಲ. ಆದರೆ ಆದೇಶ ಊರೂರಿಗೆ ಮುಟ್ಟುವವರೆಗೆ ಮಕ್ಕಳು ಕಾಯಲಾಗದು. ಅವರು ನಾಳೆ ಬೆಳಿಗ್ಗೆಯೇ ಶಾಲೆಗೆ ನಡೆಯಬೇಕು. ನಾಯಿ ಎದುರಾದರೆ ಓಡಬಾರದು, ಕಿರುಚಬಾರದು. ಕೈ ಕೆಳಗೆ ಬಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ನಿಂತು ನಿಧಾನವಾಗಿ ಸರಿಯಬೇಕು. ಉಣ್ಣುವ, ಮಲಗಿದ, ಮರಿಯಿರುವ, ಕಟ್ಟಿದ ನಾಯಿಯ ಹತ್ತಿರ ಹೋಗಬಾರದು, ಅದು ನಮ್ಮ ಮನೆಯದೇ ಆದರೂ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಬಾರದು, ಬೊಗಳುವುದು ಎಚ್ಚರಿಕೆ.

ತಂದೆತಾಯಿಗಳಿಗೆ ಹೇಳಬೇಕಾದದ್ದು ಇನ್ನೂ ಸಣ್ಣದು. ಮಗು ಬಂದು ‘ನಾಯಿ ಪರಚಿತು’ ಎಂದಾಗ ಮೊದಲು ಬೈಯಬೇಡಿ. ಯಾವ ಜಾತಿಯ ನಾಯಿ, ಯಾರ ಮನೆಯದು ಎಂಬ ವಿಚಾರಣೆ ಆಮೇಲಿರಲಿ. ‘ಎಲ್ಲಿ, ತೋರಿಸು’ ಎನ್ನಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಸಿನ ಯಾವುದೂ ಬೇಡ. ನಂತರ ತಡಮಾಡದೆ ಆಸ್ಪತ್ರೆಗೆ ಹೊರಡಿ.