ಉದುರುವ ಸೀಲಿಂಗ್
ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಹಳೆಯ ಸೊಸೈಟಿಗಳಲ್ಲಿ ಸೀಲಿಂಗ್ ಎಂದರೆ ಬಹುಮಟ್ಟಿಗೆ ಕಾಂಕ್ರೀಟ್ ಸ್ಲ್ಯಾಬ್. ಮರದ ಪಟ್ಟಿಗೆ ಗಾರೆ ಮೆತ್ತಿದ್ದು ಅಪರೂಪ. ಪ್ಲಾಸ್ಟರ್ ಉದುರಿದಾಗ ದೋಷ ಹೆಚ್ಚಾಗಿ ಒಳಗಿನ ಕಬ್ಬಿಣದ ಸರಳಿನದು. ಮೇಲಿನ ಮನೆಯ ಬಚ್ಚಲಿನಿಂದಲೋ ಟೆರೇಸಿನಿಂದಲೋ ನೀರು ಇಳಿದು ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಕೆಳಗಿನ ಕಾಂಕ್ರೀಟನ್ನು ಸೀಳಿ ತಳ್ಳುತ್ತದೆ. ಸರಳಿನ ಗುಂಟ ನೇರ ಬಿರುಕು, ಕಂದು ಕಲೆ, ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಸದ್ದು: ಇವು ಗುರುತುಗಳು.

ಮೊದಲು ನಿಲ್ಲಬೇಕಾದದ್ದು ಸೋರಿಕೆ. ಆಮೇಲೆ ಸ್ಲ್ಯಾಬಿಗೆ ಆಸರೆ ಕೊಟ್ಟು, ಸಡಿಲ ಭಾಗವನ್ನೆಲ್ಲ ಸರಳಿನ ಹಿಂಬದಿಯವರೆಗೂ ಕೆತ್ತಿ, ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ ತೆಗೆಯುತ್ತಾರೆ. ತೀರಾ ಸವೆದ ಸರಳಿನ ಪಕ್ಕ ಹೊಸ ಸರಳು ಕಟ್ಟಿ, ತುಕ್ಕುನಿರೋಧಕ ಬಳಿದು, ಹಿಡಿತದ ಲೇಪ ಹಚ್ಚಿ ಅದು ಆರುವ ಮುನ್ನವೇ ಪಾಲಿಮರ್ ಗಾರೆಯನ್ನು ತೆಳು ಪದರಗಳಲ್ಲಿ ಒತ್ತುತ್ತಾರೆ. ಬರೀ ಸಿಮೆಂಟು ಮೆತ್ತಿ ಬಣ್ಣ ಹೊಡೆದರೆ ಕೆಲವೇ ಮಳೆಗಾಲದಲ್ಲಿ ಮತ್ತೆ ಉದುರುತ್ತದೆ. ಪಿಒಪಿ ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚುವುದಂತೂ ಇನ್ನೂ ಅಪಾಯ. ಬಿರುಕು ಬೆಳೆಯುವುದು ಕಣ್ಣಿಗೇ ಬೀಳುವುದಿಲ್ಲ.

ಖರ್ಚು ಯಾರದು ಎಂಬ ಜಗಳಕ್ಕೆ ಮಹಾರಾಷ್ಟ್ರದ ಗೃಹ ಸೊಸೈಟಿಗಳ ಮಾದರಿ ಉಪವಿಧಿಯಲ್ಲೇ ಉತ್ತರವಿದೆ: ಟೆರೇಸಿನ ಮಳೆನೀರಿನಿಂದ ಕೊನೆಯ ಮಹಡಿಯ ಸೀಲಿಂಗ್ ಮತ್ತು ಪ್ಲಾಸ್ಟರ್ ಹಾಳಾದರೆ ದುರಸ್ತಿ ಸೊಸೈಟಿಯದೇ. 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕು. ವರದಿಯಲ್ಲಿ ಸಿ-1, ಅಂದರೆ ಅತಿ ಅಪಾಯಕಾರಿ ವರ್ಗ, ಎಂದು ಬಂದರೆ ದುರಸ್ತಿಯ ಮಾತಿಲ್ಲ, ಕಟ್ಟಡ ಖಾಲಿ ಮಾಡಿ ಕೆಡವಬೇಕು.