ಮನೆ ಮಾರಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಮಾರಿ ನೋಡು ಎಂದು ಮಾತ್ರ ಅವರು ಹೇಳಲಿಲ್ಲ. ಕಟ್ಟಿದ ಮನೆಯಲ್ಲೇ ಕಣ್ಣು ಮುಚ್ಚುವುದು ಅವರ ಕಾಲದ ರೂಢಿ. ಈಗ ವರ್ಗಾವಣೆ, ಮಕ್ಕಳ ಓದು ಎಂದು ಊರು ಬಿಡುವವರೇ ಹೆಚ್ಚು. ಅವರಿಗೆ ಈ ಮೂರನೆಯ ಪರೀಕ್ಷೆಯೂ ಕಾದಿರುತ್ತದೆ. ಅರಸೀಕೆರೆಯ ಒಂದು ಸಂಸಾರ ಈ ಪರೀಕ್ಷೆಗೆ ಕುಳಿತು ಎರಡು ವರ್ಷ ಮೇಲೇಳಲಿಲ್ಲ.

ಯಜಮಾನರು ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವರು. 1994ರಲ್ಲಿ ಸಾಲ ಮಾಡಿ, 30–40ರ ನಿವೇಶನದಲ್ಲಿ ಮನೆ ಕಟ್ಟಿಸಿದ್ದರು. ಕೆಲಸಕ್ಕೆ ಹೋಗುವ ಮುನ್ನ ಬಿಂದಿಗೆ ಹೊತ್ತು ತಾವೇ ಹಸಿ ಗೋಡೆಗೆ ನೀರು ಹೊಡೆದಿದ್ದರು. 2016ರ ಮೇ ತಿಂಗಳಲ್ಲಿ ಹಾಸನಕ್ಕೆ ವರ್ಗವಾಯಿತು. ಮಗಳು ಆಗತಾನೆ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು, ಮಗ ಆರನೆಯ ತರಗತಿ. ಹಾಸನದಲ್ಲಿ ಬಾಡಿಗೆ ಮನೆ ಹಿಡಿದು, ಅರಸೀಕೆರೆಯ ಮನೆಗೆ ಬೀಗ ಹಾಕಿ, ಗೇಟಿಗೆ ‘ಮನೆ ಮಾರಾಟಕ್ಕಿದೆ’ ಎಂಬ ಹಲಗೆ ತೂಗುಹಾಕಿದರು. ಬಂದ ಹಣದಲ್ಲಿ ಹಾಸನದಲ್ಲೊಂದು ಚಿಕ್ಕ ಮನೆ, ಉಳಿದದ್ದು ಮಕ್ಕಳ ಓದಿಗೆ ಎಂಬುದು ಲೆಕ್ಕಾಚಾರ.

ಬೆಲೆ 32 ಲಕ್ಷ ರೂಪಾಯಿ ಎಂದು ನಿಶ್ಚಯವಾಯಿತು. ಈ ಅಂಕಿ ಎಲ್ಲಿಂದ ಬಂತು? ಅದೇ ಬೀದಿಯವರೊಬ್ಬರು ತಮ್ಮ ಮನೆಗೆ 34 ಹೇಳುತ್ತಿದ್ದರು. ಇವರು ಎರಡು ಇಳಿಸಿದರು. ಆ 34ರ ಮನೆ ಮಾರಿಹೋಯಿತೇ, ಹೋದರೆ ಎಷ್ಟಕ್ಕೆ ಹೋಯಿತು ಎಂದು ಯಾರೂ ವಿಚಾರಿಸಲಿಲ್ಲ. ಹೇಳುವ ಬೆಲೆಯೇ ಬೇರೆ, ಕೈಗೆ ಬರುವ ಬೆಲೆಯೇ ಬೇರೆ ಎನ್ನುವುದು ತರಕಾರಿ ಸಂತೆಯಲ್ಲಿ ಎಲ್ಲರಿಗೂ ಗೊತ್ತು. ಸ್ವಂತ ಮನೆಯ ವಿಷಯ ಬಂದಾಗ ಮರೆತುಹೋಗುತ್ತದೆ.

ಆಗಸ್ಟಿನಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದು 28ಕ್ಕೆ ಕೇಳಿದರು. ಯಜಮಾನರಿಗೆ ಅವಮಾನವಾದಂತಾಯಿತು. “ನಾನು ಹೊತ್ತ ನೀರಿಗೂ ಬೆಲೆ ಇಲ್ಲವೇ?” ಎಂದು ಹೆಂಡತಿಯ ಮುಂದೆ ಗೊಣಗಿದರು. ಆಕೆ, “ಅವರು ಕೊಳ್ಳೋದು ಮನೇನ, ನೀವು ಹೊತ್ತ ನೀರನ್ನಲ್ಲ ಕಣ್ರೀ” ಎಂದರು. ಮಾತು ಕಿವಿಗೆ ಬೀಳಲಿಲ್ಲ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. ಮನೆ, ನಿವೇಶನಗಳ ವ್ಯವಹಾರ ಗಾಳಿ ಹೋದ ಟೈರಿನಂತೆ ಕುಳಿತುಬಿಟ್ಟಿತು. ಮಳೆಯೂ ಕೈಕೊಟ್ಟಿತ್ತು, ಸುತ್ತಲಿನ ತೆಂಗಿನ ತೋಟಗಳು ಒಣಗುತ್ತಿದ್ದವು. ತೆಂಗಿನ ಸೀಮೆಯಲ್ಲಿ ತೆಂಗು ಒಣಗಿದರೆ ಪೇಟೆಯೂ ಒಣಗುತ್ತದೆ. ಯಜಮಾನರು ಕೊಬ್ಬರಿ ವ್ಯಾಪಾರಿಗೆ ತಾವಾಗಿಯೇ ಫೋನ್ ಮಾಡಿದರು. “ಈಗ ಬೇಡಿ ಸಾರ್” ಎಂಬ ಉತ್ತರ ಬಂತು.

ಅಂದಿನಿಂದ ಆ ಸಂಸಾರಕ್ಕೆ ಒಂದು ಹೊಸ ಮಾತು ಅಂಟಿಕೊಂಡಿತು: ‘ಮನೆ ಮಾರಿದ ಮೇಲೆ’. ಮಗ ಸೈಕಲ್ ಕೇಳಿದರೆ ಮನೆ ಮಾರಿದ ಮೇಲೆ. ಹೆಂಡತಿಯ ಮಂಡಿನೋವಿಗೆ ದೊಡ್ಡ ಡಾಕ್ಟರು ಮನೆ ಮಾರಿದ ಮೇಲೆ. ಮಗಳು ಭೌತಶಾಸ್ತ್ರಕ್ಕೆ ಟ್ಯೂಷನ್ ಸೇರುತ್ತೇನೆ ಎಂದಾಗಲೂ ಅದೇ ಉತ್ತರ. ಸಂಬಳ ಬರುತ್ತಲೇ ಇತ್ತು. ಆದರೂ ಬೀಗ ಹಾಕಿದ ಒಂದು ಮನೆ, ನಾಲ್ಕು ಜನರ ಬದುಕಿಗೂ ಬೀಗ ಹಾಕಿತ್ತು.

ಇನ್ನೊಂದು ಗುಟ್ಟೂ ಇತ್ತು. ಅಡುಗೆಮನೆಯ ಗೋಡೆಯ ಬುಡದಲ್ಲಿ ಮೊಣಕಾಲೆತ್ತರದವರೆಗೆ ಬಣ್ಣ ಉಬ್ಬಿ, ಬಿಳಿಯ ಉಪ್ಪು ಉಕ್ಕುತ್ತಿತ್ತು. ನೆಲದ ತೇವ ಮೇಲೇರದಂತೆ ಪಾಯದ ಮೇಲೆ ಕಾಂಕ್ರೀಟಿನ ಪಟ್ಟಿ ಹಾಕುವುದುಂಟು. 1994ರಲ್ಲಿ ಹಣ ಉಳಿಸಲೆಂದು ಯಜಮಾನರು ಅದನ್ನು ಬಿಡಿಸಿದ್ದರು. ಯಾರಾದರೂ ಮನೆ ನೋಡಲು ಬರುತ್ತಾರೆ ಎಂದರೆ ಸಾಕು, ಹಿಂದಿನ ವಾರವೇ ಉಪ್ಪು ಕೆರೆಸಿ ಬಣ್ಣ ಹೊಡೆಸುತ್ತಿದ್ದರು. ಎರಡೇ ತಿಂಗಳಲ್ಲಿ ಉಪ್ಪು ಮತ್ತೆ ಹಾಜರು.

“ಬಣ್ಣದಿಂದ ಅದು ನಿಲ್ಲಲ್ಲ ಅಪ್ಪ” ಎಂದಳು ಮಗಳು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುವ ಹಾಗೆಯೇ ಇಟ್ಟಿಗೆಯ ಸಣ್ಣ ಸಣ್ಣ ರಂಧ್ರಗಳು ನೆಲದ ನೀರನ್ನು ಎಳೆದುಕೊಳ್ಳುತ್ತವೆ. ಗೋಡೆಯ ಮೈಗೆ ಬಂದ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಹೋಗಲಾರದೆ ಅಲ್ಲೇ ಹರಳಾಗಿ ಬೆಳೆದು ಬಣ್ಣವನ್ನು ಒಳಗಿನಿಂದ ನೂಕುತ್ತದೆ. ಪುಸ್ತಕದಲ್ಲಿ ಓದಿದ್ದು ಮನೆಯ ಗೋಡೆಯಲ್ಲೇ ಕಾಣುತ್ತಿತ್ತು. “ನೀನು ಪರೀಕ್ಷೆಗೆ ಓದಿಕೋ” ಎಂದರು ಅಪ್ಪ.

2018ರ ಮಾರ್ಚಿನಲ್ಲಿ ಅವಳ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯಿತು. ಒಂದು ಮಧ್ಯಾಹ್ನ, ಬಣ್ಣದವನ ರಸೀದಿಯ ಹಿಂಬದಿಯಲ್ಲಿ ಅವಳು ಹೈಸ್ಕೂಲಿನ ಸರಳ ಬಡ್ಡಿ ಲೆಕ್ಕ ಮಾಡಿದಳು. ಅಸಲು 28 ಲಕ್ಷ, ದರ ಶೇಕಡಾ 7, ಕಾಲ 20 ತಿಂಗಳು. ಬಡ್ಡಿ 3,26,667 ರೂಪಾಯಿ. ಮೇಲೆ ಕಂದಾಯ, ನಾಲ್ಕು ಸಲದ ಬಣ್ಣ, ಓಡಾಟದ ಖರ್ಚು. 4 ಲಕ್ಷ ಹೆಚ್ಚು ಬೇಕೆಂದು ಕಾದವರು, ಕಾಯುವುದರಲ್ಲೇ ಅದರ ಬಹುಪಾಲನ್ನು ಕಳೆದಿದ್ದರು. ಅವಳು ಏನೂ ಹೇಳಲಿಲ್ಲ. ಚೀಟಿಯನ್ನು ಅಪ್ಪನ ಕನ್ನಡಕದ ಕೆಳಗಿಟ್ಟು ಎದ್ದು ಹೋದಳು. ಜೀವನವೆಲ್ಲ ಬೇರೆಯವರ ಲೆಕ್ಕ ಬರೆದ ಮನುಷ್ಯ ಆ ಚೀಟಿಯನ್ನು ಬಹಳ ಹೊತ್ತು ನೋಡುತ್ತ ಕುಳಿತರು.

ಮುಂದಿನ ಭಾನುವಾರ ಅರಸೀಕೆರೆಗೆ ಹೋಗಿ ಬೀದಿಯಲ್ಲಿ ವಿಚಾರಿಸಿದರು. 34 ಹೇಳುತ್ತಿದ್ದವರ ಮನೆ ಕೊನೆಗೆ 27ಕ್ಕೆ ಹೋಗಿತ್ತು. ಇವರೂ 27 ಎಂದರು. ಬಣ್ಣದವನನ್ನು ಕರೆಯಲಿಲ್ಲ.

ಎರಡು ವಾರದಲ್ಲಿ ರೈಲ್ವೆಯ ನಿವೃತ್ತ ನೌಕರರೊಬ್ಬರು ಹೆಂಡತಿಯೊಂದಿಗೆ ಬಂದರು. ಆಕೆ ನೇರ ಅಡುಗೆಮನೆಗೆ ಹೋಗಿ ಗೋಡೆಗೆ ಕೈಯಿಟ್ಟರು. ಬೆರಳಿಗೆ ಬಿಳಿಯ ಪುಡಿ ಹತ್ತಿತು. ಹಿಂದೆಲ್ಲ ‘ಪಕ್ಕದ ಮನೆಯ ಚರಂಡಿ ನೀರು’ ಎನ್ನುವುದು ರೂಢಿಯಾಗಿತ್ತು. ಯಜಮಾನರು ಮಗಳ ಕಡೆ ನೋಡಿದರು. ಆಮೇಲೆ, “ಇದು ನೆಲದ ತೇವ ಅಮ್ಮ. ಕಟ್ಟುವಾಗ ದುಡ್ಡು ಉಳಿಸೋಕೆ ಹೋಗಿ ನಾನೇ ತಪ್ಪು ಮಾಡಿದೆ. ಬಣ್ಣ ಹೊಡೆದರೆ ನಿಲ್ಲಲ್ಲ” ಎಂದರು. ಅವರು ಅಷ್ಟು ಮೆಲ್ಲಗೆ ಮಾತನಾಡಿದ್ದನ್ನು ಮಗಳು ಅದುವರೆಗೆ ಕೇಳಿರಲಿಲ್ಲ.

ಬಂದವರು ಏನೂ ಹೇಳದೆ ಹೊರಟುಹೋದರು. ಮೂರನೆಯ ದಿನ ಮೇಸ್ತ್ರಿಯೊಬ್ಬನನ್ನು ಕರೆದುಕೊಂಡು ಮತ್ತೆ ಬಂದರು. “ಏಳು ಮನೆ ನೋಡಿದೆವು ಸ್ವಾಮಿ. ಎಲ್ಲ ಕಡೆ ಹೊಸ ಬಣ್ಣ. ಒಳಗೇನಿದೆಯೋ ಗೊತ್ತಾಗಲಿಲ್ಲ. ಇಲ್ಲಿ ಗೊತ್ತಾಯಿತು” ಎಂದರು ನಿವೃತ್ತರು. ರಿಪೇರಿಯ ಖರ್ಚು ಕಳೆದು 26 ಲಕ್ಷದ 25 ಸಾವಿರಕ್ಕೆ ಮಾತು ಮುಗಿಯಿತು. ಖಾತಾ, ಕಂದಾಯದ ರಸೀದಿ ಸರಿಯಾಗಿದ್ದವು. ಋಣಭಾರ ಪತ್ರದಲ್ಲಿ ಮಾತ್ರ, ಎಂದೋ ತೀರಿಸಿದ ಮನೆ ಸಾಲದ ಅಡಮಾನ ಹಾಗೆಯೇ ಉಳಿದಿತ್ತು. ಅದನ್ನು ಬಿಡಿಸಲು ಒಂದು ತಿಂಗಳು ಹಿಡಿಯಿತು. ಹಲಗೆ ತೂಗುಹಾಕಿದ ದಿನವೇ ನೋಡಿಕೊಳ್ಳಬೇಕಿದ್ದ ಕೆಲಸ ಅದು. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯಬಾರದೆಂಬ ನಿಯಮ 2015ರ ಜೂನ್‌ನಿಂದಲೇ ಇದೆ. ಆದ್ದರಿಂದ ಮುಂಗಡವೂ ಚೆಕ್ಕಿನಲ್ಲೇ ಬಂತು. ಜೂನ್‌ನಲ್ಲಿ ನೋಂದಣಿಯಾಯಿತು.

ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲಿಳಿಯುವಾಗ ಮಗ ಅಪ್ಪನ ಕೈ ಹಿಡಿದು, “ಇನ್ಮೇಲೆ ‘ಮನೆ ಮಾರಿದ ಮೇಲೆ’ ಅನ್ನೋ ಹಾಗಿಲ್ಲ ಅಲ್ವಾ ಅಪ್ಪ?” ಎಂದ. ಎಲ್ಲರೂ ನಕ್ಕರು. ಆ ವಾರವೇ ಸೈಕಲ್ ಬಂತು. ಮಂಡಿನೋವಿಗೆ ಡಾಕ್ಟರನ್ನೂ ಕಂಡದ್ದಾಯಿತು. ಮಗಳಿಗೆ ಏನು ಬೇಕು ಎಂದು ಅಪ್ಪ ಕೇಳಿದರು. ಟ್ಯೂಷನ್ನಿನ ಮಾತು ಅವಳು ಎತ್ತಲಿಲ್ಲ. ಪರೀಕ್ಷೆ ಮುಗಿದು ಮೂರು ತಿಂಗಳಾಗಿತ್ತು, ಭೌತಶಾಸ್ತ್ರದಲ್ಲಿ ಬಂದಷ್ಟು ಅಂಕ ಬಂದಿತ್ತು. ಕಾಲೇಜಿನ ಫೀಸು ಕಟ್ಟಿದರೆ ಸಾಕು ಎಂದಳು. ಅಪ್ಪ ಮರುದಿನವೇ ಕಟ್ಟಿದರು. ಆ ಚೀಟಿ ಇಂದಿಗೂ ಅವರ ಲೆಕ್ಕದ ಪುಸ್ತಕದೊಳಗಿದೆ.